ಕೌದಿಯೊಳಗೊಂದು ಕೌದಿ

ಕೌದಿ ಎಂದರೇನೆಂದು ಉತ್ತರ ಕರ್ನಾಟಕದ ವಾಚಕರಿಗೆ ವಿವರಿಸಹೊರಡುವುದು, ಅಡಿಗೆಮನೆಯಲ್ಲಿ ನಿಂತು ರೊಟ್ಟಿಯ ಲಕ್ಷಣ ಹೇಳಿದಂತಾದೀತು. ಮೈಸೂರು ಕಡೆಯವರಿಗಾಗಿ ಮಾತ್ರ ಒಂದು ಮಾತು ಹೇಳಿ ಮುಂದುವರಿಯುತ್ತೇನೆ. ಉಟ್ಟು ಹಳತಾದ ಸೀರೆ, ಧೋತರ, ಅಂಗಿ, ಕುಪ್ಪಸಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಕೈಸೂಜಿಯಿಂದ ಒತ್ತಾಗಿ ಹೊಲಿದು ಮಾಡಿದ ಹೊದಿಕೆಯೇ ಕೌದಿ. ಬೊಂತೆ ಎಂದರೂ ಅದೇ. ಕೊಂಕಣಿಯವರು ಅದನ್ನು ವಾಕಳ ಎನ್ನುತ್ತಾರೆ, ಮರಾಠಿಯವರು ಗೋಧಡಿ ಎನ್ನುತ್ತಾರೆ. ಹಾಸಲೂ ಅದೇ, ಹೊದೆಯಲೂ ಅದೇ. ಕೂಸನ್ನು ಮಲಗಿಸಲೂ ಅದೇ, ಊರು ಬಿಡುವಾಗ ಸಾಮಾನು ಗಂಟು ಕಟ್ಟಲೂ ಅದೇ.

ನಮ್ಮ ಕಡೆ ನವರಾತ್ರಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುವ ಪದ್ಧತಿಯುಂಟು. ಈಗ ನಾನಿರುವ ಊರಿನಲ್ಲಿ ಹಳ್ಳವಿಲ್ಲ. ಮಾಳಿಗೆಯ ಮೇಲೆ ನೀರಿನ ತೊಟ್ಟಿಯಿದೆ. ಹೋದ ವರ್ಷ ಮನೆಯವರು ಬೇಡವೆಂದರೂ ಕೇಳದೆ, ನಮ್ಮ ತಾಯಿ ಹೊಲಿದ ಕೌದಿಯನ್ನು ನಾನೊಬ್ಬನೇ ಒಗೆಯಹೋದೆ. ಒಣಗಿದ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ನಡೆಯಬಹುದು. ನೀರು ಕುಡಿದ ಕೌದಿಯನ್ನು ಎತ್ತಲು ಇಬ್ಬರು ಬೇಕು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಸಣ್ಣ ಸಂಗತಿ ಹೊಳೆಯಲಿಲ್ಲ. ಒಂದು ಮೂಲೆ ಹಿಡಿದು ಎತ್ತಿದೆ. ತನ್ನ ಭಾರಕ್ಕೆ ತಾನೇ ಅದು ಮೊಳದುದ್ದ ಹರಿಯಿತು.

ಆ ಕೌದಿಯನ್ನು ತಾಯಿಯವರು ಹೊಲಿದದ್ದು 1985ರಲ್ಲಿ, ನಾನು ರೋಣದ ಕಡೆಯ ನಮ್ಮ ಹಳ್ಳಿಯನ್ನು ಬಿಟ್ಟು ಧಾರವಾಡಕ್ಕೆ ಓದಲು ಹೊರಟಾಗ. ಅವರೀಗ ಇಲ್ಲ. ಹರಿದ ಬಾಯಿಯನ್ನು ಹಿಡಿದುಕೊಂಡು ಮಾಳಿಗೆಯ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ ಹೇಳಲಾರೆ. ಕಡೆಗೆ ಒಳಗೆ ಇಣುಕಿ ನೋಡಿದೆ. ಒಳಗೆ ಬಿಡಿ ಚಿಂದಿಗಳು ಇರಬೇಕಷ್ಟೆ? ಇರಲಿಲ್ಲ. ಅಲ್ಲಿ ಇನ್ನೊಂದು ಹೊಲಿಗೆಯ ಸಾಲು ಕಂಡಿತು; ತಾಯಿಯ ಹೊಲಿಗೆಗಿಂತ ಒತ್ತಾದ, ದಪ್ಪ ದಾರದ ಸಾಲು. ಕೌದಿಯೊಳಗೆ ಇನ್ನೊಂದು ಕೌದಿ ಇತ್ತು.

ಹಬ್ಬಕ್ಕೆ ಬಂದ ನಮ್ಮ ಅಕ್ಕನಿಗೆ ತೋರಿಸಿದೆ. ಅವಳಿಗೆ ಎಪ್ಪತ್ತು ದಾಟಿದೆ, ಕಣ್ಣಿನಲ್ಲಿ ಪೊರೆ ಬಂದಿದೆ. ಅವಳು ನೋಡಲಿಲ್ಲ, ಬೆರಳು ಆಡಿಸಿದಳು.

“ಇದು ಆಯಿ ಕೌದಿ ತಮ್ಮಾ. ಅವ್ವ ಇದನ್ನ ಹೊಟ್ಟ್ಯಾಗ ಹಾಕಿ ಮ್ಯಾಲ ಹೊಲದಾಳ” ಎಂದಳು.

ಆಯಿ ಎಂದರೆ ನಮ್ಮ ಅಜ್ಜಿ. ಹಳೆಯ ಕೌದಿ ಸವೆದರೆ ಅದನ್ನು ಎಸೆಯುವುದಿಲ್ಲ. ಅದರ ಮೇಲೂ ಕೆಳಗೂ ಹೊಸ ಪದರ ಹಾಸಿ ಇನ್ನೊಂದನ್ನು ಹೊಲಿಯುತ್ತಾರೆ. ಇದು ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಮಾತು. ಅದರ ಮೇಲೆ ಮಲಗಿ ಬೆಳೆದ ನನಗೆ ಗೊತ್ತಿರಲಿಲ್ಲ. ಹಳೆಯ ಓಲೆಗರಿಗಳ ಪಾಠಾಂತರ ನೋಡುವುದನ್ನು ನಮ್ಮ ಗುರುಗಳು ನನಗೆ ಕಲಿಸಿದ್ದರು. ಮನೆಯ ಹಾಸಿಗೆಯಲ್ಲಿಯೇ ಒಂದರ ಮೇಲೊಂದು ಎರಡು ತಲೆಮಾರಿನ ಪಾಠಗಳಿದ್ದುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಪಂಡಿತರ ಅಭ್ಯಾಸ ಬಿಡುವಂಥದಲ್ಲ. ಆ ರಾತ್ರಿಯೇ ಪುಸ್ತಕಗಳ ಕಪಾಟನ್ನು ತೆರೆದೆ. ಇಷ್ಟು ಮನೆಗಳಲ್ಲಿ, ಇಷ್ಟು ಕಾಲದಿಂದ ಇರತಕ್ಕ ಈ ವಸ್ತುವಿನ ವಿಷಯವಾಗಿ ನಮ್ಮ ಪೂರ್ವಿಕರು ಏನಾದರೂ ಬರೆದಿಟ್ಟಿದ್ದಾರೆಯೆ?

ಬರೆದಿದ್ದಾರೆ, ಆದರೆ ಹೊದ್ದು ಮಲಗುವವರನ್ನು ಕುರಿತು ಅಲ್ಲ, ಬಿಟ್ಟು ಹೊರಟವರನ್ನು ಕುರಿತು. ಸಂಸ್ಕೃತದಲ್ಲಿ ಇದಕ್ಕೆ ‘ಕಂಥಾ’ ಎಂದು ಹೆಸರು. ಭರ್ತೃಹರಿಯ ವೈರಾಗ್ಯಶತಕದಲ್ಲಿ ನೂರು ತುಂಡುಗಳ ಕಂಥೆ ಬರುತ್ತದೆ. ಶಂಕರರ ಹೆಸರಿನಲ್ಲಿರುವ ಭಜಗೋವಿಂದದಲ್ಲಿಯೂ ಬೀದಿಯ ಚಿಂದಿಯಿಂದಾದ ಕಂಥೆ ಬರುತ್ತದೆ. ಎರಡೂ ಕಡೆ ಅದು ವಿರಕ್ತನ ಲಾಂಛನ. ಬಂಗಾಳದವರು ಇಂದಿಗೂ ತಮ್ಮ ಕೌದಿಯನ್ನು ‘ಕಾಂಥಾ’ ಎಂದೇ ಕರೆಯುತ್ತಾರೆಂಬುದನ್ನು ಇಲ್ಲಿ ನೆನೆಯಬಹುದು.

ಬೌದ್ಧರ ವಿನಯಪಿಟಕದಲ್ಲಿ ಇನ್ನೂ ಹಿಂದಿನ, ಇನ್ನೂ ಸ್ವಾರಸ್ಯವಾದ ಸಂಗತಿಯಿದೆ. ಭಿಕ್ಷುಗಳು ಕಸದ ರಾಶಿಯಲ್ಲಿ, ಶ್ಮಶಾನದಲ್ಲಿ ಬಿದ್ದ ಬಟ್ಟೆಯ ತುಂಡುಗಳನ್ನು ಆಯ್ದು ಹೊಲಿದು ಉಡುತ್ತಿದ್ದರು. ಒಮ್ಮೆ ಬುದ್ಧನು ಮಗಧದ ಗದ್ದೆಗಳನ್ನು ನೋಡಿ, ಬದುಗಳಿಂದ ಚೌಕ ಚೌಕವಾಗಿ ಒಡೆದ ಆ ನೆಲದಂತೆ ಚೀವರವನ್ನು ಕತ್ತರಿಸಿ ಹೊಲಿಯಬಹುದೇ ಎಂದು ಆನಂದನನ್ನು ಕೇಳಿದನಂತೆ. ಆನಂದನು ಹೊಲಿಸಿ ತಂದು ತೋರಿಸಿದನು. ಮಳೆಗಾಲದ ವಾಸ ಮುಗಿದ ಮೇಲೆ ಭಿಕ್ಷುಗಳಿಗೆ ಬಟ್ಟೆ ಕೊಡುವ ‘ಕಠಿನ’ವೆಂಬ ಆಚರಣೆಯ ಹೆಸರು, ಚೀವರವನ್ನು ಬಿಗಿದು ಹೊಲಿಯುವ ಮರದ ಚೌಕಟ್ಟಿನಿಂದ ಬಂದದ್ದು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಉತ್ತರ ಕನ್ನಡದ ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟ್ಟಿನವರ ಮಠಗಳಿಗೆ ಹೋದವರು, ಅಲ್ಲಿಯ ಭಿಕ್ಷುಗಳ ಮೇಲ್ವಸ್ತ್ರದಲ್ಲಿ ಆ ಗದ್ದೆಯ ಬದುಗಳನ್ನು ಕಣ್ಣಾರೆ ನೋಡಬಹುದು.

ಕನ್ನಡಕ್ಕೆ ಬಂದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬೊಂತಾದೇವಿ ಎಂಬ ಶರಣೆ ಸಿಗುತ್ತಾಳೆ. ಅವಳು ಕಾಶ್ಮೀರದ ಮಾಂಡವ್ಯಪುರದ ಅರಸುಮಗಳೆಂದೂ, ಎಲ್ಲವನ್ನೂ ತೊರೆದು ದಿಗಂಬರೆಯಾಗಿ ಹೊರಟಾಗ ಶಿವನೇ ಒಂದು ಬೊಂತೆಯನ್ನು ಹೊದಿಸಿದನೆಂದೂ, ಅದರಿಂದ ಆ ಹೆಸರು ಬಂದಿತೆಂದೂ ಐತಿಹ್ಯವಿದೆ. ಅದೇ ಕಾಲದವನು ಸೂಜಿಕಾಯಕದ ರಾಮಿತಂದೆ. ಹೆಸರೇ ಹೇಳುವಂತೆ ಹೊಲಿಗೆಯೇ ಅವನ ಕಾಯಕ. ಹಳಗನ್ನಡದಲ್ಲಿ ದರ್ಜಿಗೆ ‘ಚಿಪ್ಪಿಗ’ ಎಂಬ ಮಾತುಂಟು. ಇಂದಿನ ‘ಸಿಂಪಿಗ’ ಅದರ ಮುಂದುವರಿದ ರೂಪ. ‘ಹೊಲಿ’ ಎಂಬ ಧಾತು ನಮ್ಮದೇ, ಹಳಗನ್ನಡದ ‘ಪೊಲಿ’. ‘ಸೂಜಿ’ ಸಂಸ್ಕೃತದ ಸೂಚಿ, ‘ದರ್ಜಿ’ ಪಾರಸಿಯ ಮಾತು, ‘ಇಸ್ತ್ರಿ’ಯನ್ನು ಪೋರ್ತುಗೀಜರು ತಂದರು, ‘ಮಶೀನು’ ಇಂಗ್ಲಿಷಿನದು. ಹೊಲಿಗೆಯನ್ನು ಹೇಳುವ ನಮ್ಮ ಭಾಷೆಯೇ ಒಂದು ಕೌದಿ ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಮಕ್ಕಳು ನಗುತ್ತಾರೆ, ಪರೀಕ್ಷೆಯಲ್ಲಿ ಬರೆಯುವುದಿಲ್ಲ.

ಆದರೆ ಅರಸುಮಗಳು ಹೊದ್ದ ಬೊಂತೆಯ ಕಥೆ ಉಳಿಯಿತು. ಆ ಬೊಂತೆಯನ್ನು ಹೊಲಿದ ಕೈ ಯಾವುದೆಂದು ಯಾರೂ ಕೇಳಲಿಲ್ಲ. ಶಿವನು ಕೊಟ್ಟನೆಂದರೆ ಮುಗಿಯಿತು.

ಬೇರೊಂದು ಕಡೆ ಪದರದ ಹೊಲಿಗೆಯ ಉಲ್ಲೇಖ ಬಹು ವೈಭವದಿಂದ ಬಂದಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ದೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಮಹಾನವಮಿಯ ಕೊನೆಗೆ ತನ್ನ ಸೈನ್ಯವನ್ನು ನೋಡಿದ ಸಂದರ್ಭವನ್ನು ವರ್ಣಿಸುತ್ತ, ಪದರಗಳನ್ನು ಸೇರಿಸಿ ಹೊಲಿದ ಯುದ್ಧದ ಅಂಗಿಗಳನ್ನೂ, ಅವುಗಳ ಮೇಲಣ ಮಖಮಲ್ಲು ರೇಷ್ಮೆಗಳನ್ನೂ ಬೆರಗಿನಿಂದ ಹೇಳಿದ್ದಾನೆ. ರಾಬರ್ಟ್ ಸೆವೆಲ್ಲನು 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಈ ವರ್ಣನೆಯ ಇಂಗ್ಲಿಷ್ ಅನುವಾದವಿದೆ. ಹೊರದೇಶಗಳಲ್ಲಿಯೂ ಹೀಗೆಯೇ. ಈಜಿಪ್ತದ ಅಬೈಡಾಸಿನಲ್ಲಿ 1903ರಲ್ಲಿ ಸಿಕ್ಕ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಸಣ್ಣ ದಂತದ ಬೊಂಬೆ ಐದು ಸಾವಿರ ವರ್ಷದ ಹಿಂದಿನ ಅರಸನದು. ಅವನು ಹೊದ್ದದ್ದು ಪದರದ ಹೊದಿಕೆಯಂತೆ ಕಾಣುತ್ತದೆ. ಮಂಗೋಲಿಯದ ನೊಯಿನ್ ಉಲಾದಲ್ಲಿ 1924-25ರಲ್ಲಿ ಅಗೆದು ತೆಗೆದ ಎರಡು ಸಾವಿರ ವರ್ಷದ ಹೊಲಿಗೆಯ ನೆಲಹಾಸು ದೊರೆಯ ಗೋರಿಯಲ್ಲಿದ್ದದ್ದು. ಯುದ್ಧಕ್ಕೆ ಹೊಲಿದದ್ದು, ಅರಸನಿಗೆ ಹೊಲಿದದ್ದು, ಹೆಣದೊಡನೆ ಹೂತದ್ದು ಇತಿಹಾಸಕ್ಕೆ ಸಿಕ್ಕಿತು. ಬದುಕಿರುವ ಮಕ್ಕಳಿಗೆ ಹೊಲಿದದ್ದು ಸವೆದುಹೋಯಿತು. ಕೌದಿಯ ಚರಿತ್ರೆ ಬರೆಯುವವನಿಗೆ ಇದಕ್ಕಿಂತ ದೊಡ್ಡ ತೊಡಕಿಲ್ಲ. ಅದು ಹಳತರಿಂದ ಹುಟ್ಟುತ್ತದೆ, ತಾನೂ ಹಳತಾಗಿ ಇನ್ನೊಂದರ ಹೊಟ್ಟೆಗೆ ಸೇರುತ್ತದೆ.

ಹಾಗಾದರೆ ಆ ಹೊಟ್ಟೆಯನ್ನೇ ಓದಬೇಕು. ಪುಸ್ತಕಗಳನ್ನು ಮುಚ್ಚಿ, ಅಕ್ಕನ ಪಕ್ಕದಲ್ಲಿ ಕೌದಿಯನ್ನು ಹಾಸಿಕೊಂಡು ಕುಳಿತೆ.

ಒಳಗಿನದು, ಆಯಿಯದು, ಪೂರ್ತಿ ದಪ್ಪ ನೂಲಿನ ಬಟ್ಟೆ. ಬಣ್ಣವೆಲ್ಲ ಮಾಸಿ ಗೋಧಿಯ ಬಣ್ಣಕ್ಕೆ ತಿರುಗಿದೆ. ಅಂಗೈ ಅಗಲಕ್ಕಿಂತ ದೊಡ್ಡದಾದ ತುಂಡು ಅದರಲ್ಲಿ ಇಲ್ಲವೇ ಇಲ್ಲ. ತೇಪೆಯ ಮೇಲೆ ತೇಪೆ. ಇದು ನನಗೆ ವಿಚಿತ್ರವೆನಿಸಿತು. ನಮ್ಮದು ಎರೆ ಹೊಲದ ನಾಡು, ಹತ್ತಿಯ ನಾಡು. 1840ರ ದಶಕದಲ್ಲಿ ಅಮೇರಿಕದ ನ್ಯೂ ಆರ್ಲಿಯನ್ಸಿನ ಬೀಜವನ್ನು ತರಿಸಿ ಸರಕಾರ ಇಲ್ಲಿ ಬಿತ್ತಿಸಿತು. ‘ಧಾರವಾಡ-ಅಮೇರಿಕನ್’ ಎಂಬ ಹೆಸರಿನಿಂದ ಆ ಹತ್ತಿ ಹಡಗು ಹತ್ತಿತು. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು, ಯುದ್ಧ ಮುಗಿದೊಡನೆ ಇಳಿಯಿತು. ಇಷ್ಟು ಹತ್ತಿ ಬೆಳೆದ ಊರುಗಳಲ್ಲಿ ಜನ ಹತ್ತಿ ತುಂಬಿದ ರಜಾಯಿಯನ್ನು ಯಾಕೆ ಹೊದೆಯಲಿಲ್ಲ? ಅಕ್ಕನನ್ನು ಕೇಳಿದೆ.

“ಹತ್ತಿ ಮಾರಾಕ ಅಲ್ಲೇನಪಾ? ಮನ್ಯಾಗ ತುಂಬಿಕೊಂಡು ಮಕ್ಕೊಂಡ್ರ ಕಂದಾಯ ಯಾರ ಕಟ್ಟತಾರ?”

ಅರ್ಥಶಾಸ್ತ್ರದ ಪಾಠ ಅಲ್ಲಿಗೇ ಮುಗಿಯಿತು.

ಆಯಿ ಅದನ್ನು ಹೊಲಿದದ್ದು ‘ಕಂಟ್ರೋಲಿನ ಕಾಲದಾಗ’ ಎಂದು ಅಕ್ಕ ಅವಳ ಬಾಯಿಂದ ಕೇಳಿ ಬಲ್ಲಳು. ಎರಡನೆಯ ಮಹಾಯುದ್ಧದಲ್ಲಿ ಗಿರಣಿಯ ಬಟ್ಟೆ ದಂಡಿಗೆ ಹೋಯಿತು, ಹೊರಗಿನಿಂದ ಬರುವುದು ನಿಂತಿತು, ಬೆಲೆ ಏರಿತು. 1943ರಲ್ಲಿ ಸರಕಾರ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣದ ಆಜ್ಞೆ ಹೊರಡಿಸಿತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಂಟ್ರೋಲ್ ಬಟ್ಟೆಯ ಅಂಗಡಿಯ ಮುಂದೆ ಬೆಳಗಿನಿಂದ ನಿಂತು ಒಂದು ಧೋತರ ಸಿಕ್ಕರೆ ಪುಣ್ಯ ಎಂಬ ಮಾತನ್ನು ನಮ್ಮ ಮನೆಯಲ್ಲಿ ಬಹಳ ವರ್ಷ ಆಡುತ್ತಿದ್ದರು. ಅಂಗೈಯಗಲದ ತುಂಡನ್ನೂ ಬಿಡದೆ ಸೇರಿಸಿದ ಆ ಒಳಪದರಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಾಗಿಲ್ಲ. ನಾನು ಆ ಯುದ್ಧವನ್ನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಅದರ ಮೇಲೆ ನಾಲ್ಕು ದಶಕ ಮಲಗಿದ್ದೆನೆಂಬುದು ತಿಳಿದದ್ದು ಈಗ.

ಹೊರಗಿನ ಪದರ, ತಾಯಿಯದು, ಬೇರೆಯೇ ಕಾಲದ್ದು. ತುಂಡುಗಳು ದೊಡ್ಡವು, ಬಣ್ಣ ಹೆಚ್ಚು. ತಂದೆಯವರ ಧೋತರ ಅಡಿಗೆ, ಮೇಲೆ ಗಿರಣಿಯ ಚಿತ್ತಾರದ ಸೀರೆಗಳು, ಗುಳೇದಗುಡ್ಡದ ಖಣದ ಎರಡು ಚೌಕ, ಸುತ್ತಲೂ ಇಳಕಲ್ ಸೀರೆಯ ಅಂಚು. ಇಳಕಲ್ ಸೀರೆಯ ಸೆರಗನ್ನು ಬೇರೆ ಹಾಸಿನಲ್ಲಿ ಮಾಡಿ, ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಒಡಲಿನ ಹತ್ತಿ ಸವೆದರೂ ಸೆರಗಿನ ರೇಷ್ಮೆ, ದಡಿ ಗಟ್ಟಿಯಾಗಿ ಉಳಿಯುತ್ತವೆ. ಸೀರೆ ಸವೆಯುವುದು ಕೂಡುವ ಕಡೆ, ನಡುವೆ. ಎಲ್ಲಿ ಗಟ್ಟಿ, ಎಲ್ಲಿ ಜಳ್ಳು ಎಂಬುದನ್ನು ಬೆಳಕಿಗೆ ಹಿಡಿದು ನೋಡಿ ಕತ್ತರಿಸುವುದೇ ಕೌದಿಯ ಮೊದಲ ವಿದ್ಯೆ.

ಒಂದೇ ಒಂದು ಕಡೆ ನುಣುಪಾದ, ಮಿಂಚುವ ತುಂಡೊಂದಿತ್ತು. ಅಕ್ಕ ಅದನ್ನು ಮುಟ್ಟಿ ಮುಖ ಗಂಟಿಕ್ಕಿದಳು. ಅದು ಅವಳದೇ ನಾಯ್ಲಾನ್ ಸೀರೆಯದು. ಇಂಥ ಬಟ್ಟೆ ಕೌದಿಗೆ ಬಾರದು. ಬೆವರನ್ನು ಹೀರುವುದಿಲ್ಲ, ಪಕ್ಕದ ಪದರದ ಮೇಲೆ ಜಾರುತ್ತದೆ, ಸೂಜಿಗೆ ಸುಲಭವಾಗಿ ದಾರಿ ಕೊಡುವುದಿಲ್ಲ. ಟೆರಿಲಿನ್, ಟೆರಿಕಾಟುಗಳು ಮನೆ ತುಂಬಿದಂತೆ ಕೌದಿಗೆ ಬೇಕಾದ ಹಳೆಯ ಅರಿವೆಯೇ ಕಡಿಮೆಯಾಯಿತು. ಊರೂರು ತಿರುಗಿ, ಓಣಿಯಲ್ಲಿ ಕೂಗಿ, ಮನೆಯ ಕಟ್ಟೆಯ ಮೇಲೆ ಕುಳಿತು ಕಾಳು-ಕಡಿಗೆ ಕೌದಿ ಹೊಲಿದುಕೊಡುತ್ತಿದ್ದ ಅಲೆಮಾರಿ ಹೆಣ್ಣುಮಕ್ಕಳನ್ನು ನಮ್ಮ ಓಣಿ ನೋಡಿ ಬಹಳ ವರ್ಷವಾಯಿತು. ಅಂಗಡಿಯ ಬ್ಲಾಂಕೆಟ್ಟು ಅಗ್ಗವಾದದ್ದೂ ಒಂದು ಕಾರಣ. ಆದರೆ ಅರಿವೆ ಬದಲಾದದ್ದು ಅದಕ್ಕಿಂತ ಮೊದಲನೆಯ ಕಾರಣವೆಂದು ನನ್ನ ಅಭಿಪ್ರಾಯ.

ಹೊಲಿಗೆಯ ಯಂತ್ರ ಬಂದು ಕೌದಿಯನ್ನು ಕೆಡಿಸಿತೆಂದು ಹೇಳುವವರಿದ್ದಾರೆ. ನಾನು ಒಪ್ಪಲಾರೆ. ಅಮೇರಿಕದ ಎಲಿಯಾಸ್ ಹೋವೆ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಯಂತ್ರದ ಹಕ್ಕುಪತ್ರ ಪಡೆದರು. ನಮ್ಮಲ್ಲಿ ಉಷಾ ಯಂತ್ರ ಕಲಕತ್ತೆಯಲ್ಲಿ 1936ರಲ್ಲಿ ಹೊರಬಂದಿತು. ಯಂತ್ರಗಳನ್ನು ಟೀಕಿಸುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಯಂತ್ರವನ್ನು ಮಾತ್ರ ಮೆಚ್ಚಿ, ಹೆಂಡತಿಯ ಕಷ್ಟ ನೋಡಲಾರದೆ ಪ್ರೀತಿಯಿಂದ ಅದನ್ನು ಮಾಡಿದನೆಂದರು. (ಸಿಂಗರನ ಸಂಸಾರದ ಕಥೆ ಅಷ್ಟೇನೂ ಮಧುರವಾಗಿರಲಿಲ್ಲ, ಅದು ಇಲ್ಲಿಯ ವಿಷಯವಲ್ಲ.) ಯಂತ್ರ ಅಂಗಿ-ಕುಪ್ಪಸಗಳನ್ನು ಹೊಲಿಯಿತು. ಏಳೆಂಟು ಪದರದ ಕೌದಿಯನ್ನು ಅದರ ಪಾದದ ಕೆಳಗೆ ತುರುಕಿದರೆ ಮನೆಯ ಯಂತ್ರದ ಸೂಜಿ ಮುರಿಯುತ್ತದೆ. ಕೌದಿ ಕೈಯಲ್ಲೇ ಉಳಿಯಿತು.

ಕಸೂತಿಯೂ ನಮ್ಮ ಹೆಣ್ಣುಮಕ್ಕಳ ಕೈಯದೇ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಅದರ ಹೊಲಿಗೆಗಳನ್ನು ಶಾಲೆಗಳಲ್ಲಿ ಕಲಿಸುತ್ತಾರೆ; 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಈ ಪತ್ರಿಕೆಯನ್ನೋದುವ ಎಷ್ಟೋ ಮನೆಗಳಲ್ಲಿ ರೇಡಿಯೋದ ಮೇಲಿನ ಹೊದಿಕೆಗೆ ಕಸೂತಿಯ ಗೋಪುರ, ತೇರು ಇದ್ದಾವು. ಅಂಥವರೂ ನೆಂಟರು ಬಂದರೆ ಕೌದಿಯನ್ನು ಮಡಿಸಿ ಒಳಗೆ ಇಡುತ್ತಾರೆ. ನಾನೂ ಇಟ್ಟವನೇ. ಧಾರವಾಡದಲ್ಲಿ ಓದುವಾಗ ಜೊತೆಯ ಹುಡುಗರು ನಗಬಾರದೆಂದು ಈ ಕೌದಿಯ ಮೇಲೆ ಬಿಳಿಯ ಚಾದರ ಹಾಸುತ್ತಿದ್ದೆ.

ನಾವು ಮರೆಸಿಟ್ಟದ್ದನ್ನು ಜಗತ್ತು ನೋಡುವಂತಾದದ್ದು ನಮ್ಮ ನೆರೆಯವರೇ ಆದ ಸಿದ್ದಿಯರಿಂದ. ಪೋರ್ತುಗೀಜರೂ ಇತರರೂ ಆಫ್ರಿಕದಿಂದ ಗುಲಾಮರಾಗಿ ತಂದ ಜನರಲ್ಲಿ ಹಲವರು ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳಲ್ಲಿ ಇಂದಿರುವ ಸಿದ್ದಿಯರು ಅವರ ಸಂತತಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಮೂರು ಮತದ ಹೆಂಗಸರೂ ಹೊಲಿಯುವ ಹೊದಿಕೆ ಒಂದೇ. ಅದನ್ನು ಕವಂದಿ ಎನ್ನುತ್ತಾರೆ. ಮೂಲೆಯಿಂದ ಹಿಡಿದು ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ, ಹೋದ ಹಾಗೆ ತುಂಡುಗಳನ್ನು ಸೇರಿಸುತ್ತ ಹೋಗುತ್ತಾರೆ. ಮುಂಚಿತವಾಗಿ ಗೆರೆ ಎಳೆದ ನಕ್ಷೆ ಇರುವುದಿಲ್ಲ. ಕಡೆಗೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ‘ಫುಲ’, ಅಂದರೆ ಹೂವು, ಕೂಡಿಸಬೇಕು. ಹೂವಿಲ್ಲದ ಕವಂದಿ ಮುಗಿದದ್ದಲ್ಲ. ಅಮೇರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವನ್ನು ಅಭ್ಯಾಸ ಮಾಡಿ ಬರೆದರು. 2011ರಲ್ಲಿ ನ್ಯೂಯಾರ್ಕಿನ ಷೊಂಬರ್ಗ್ ಕೇಂದ್ರದಲ್ಲಿ ಪ್ರದರ್ಶನ ನಡೆಯಿತು.

ಅಮೇರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಅಲ್ಲಿಯ ಹತ್ತಿಯ ತೋಟದ ಗುಲಾಮರ ಸಂತತಿಯ ಹೆಂಗಸರೂ ಹಳೆಯ ಬಟ್ಟೆಯ ಹೊದಿಕೆ ಹೊಲಿಯುತ್ತಾರೆ. 2006ರಲ್ಲಿ ಆ ದೇಶದ ಅಂಚೆಯವರು ಅವುಗಳ ಚಿತ್ರದ ಚೀಟಿಗಳನ್ನೇ ಅಚ್ಚು ಹಾಕಿದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಕ್ಕತಂಗಿಯರಂತೆ ಕಂಡಾವು. ಅದರಿಂದ ಕವಂದಿಯು ಆಫ್ರಿಕದಿಂದಲೇ ಬಂದದ್ದೆಂದು ತೀರ್ಮಾನಿಸುವುದು ಅವಸರ. ಸಿದ್ದಿಯರ ಸುತ್ತಲಿನ ಹಳ್ಳಿಗಳಲ್ಲೆಲ್ಲ ಕೌದಿ ಇದೆ, ಹೆಸರೂ ಒಂದೇ ಬೇರಿನದೆಂದು ತೋರುತ್ತದೆ. ಚಳಿ, ಬಡತನ, ಹಳೆಯ ಬಟ್ಟೆ, ಸೂಜಿ ಈ ನಾಲ್ಕು ಒಂದೆಡೆ ಸೇರಿದ ಕಡೆಯಲ್ಲೆಲ್ಲ ಯಾರಿಗೂ ಯಾರೂ ಹೇಳಿಕೊಡದೆಯೂ ಇಂಥದು ಹುಟ್ಟಬಹುದು. ಹೂವು ಮಾತ್ರ ಸಿದ್ದಿಯರದೇ; ಅದರ ಕೀರ್ತಿಯನ್ನು ಅವರಿಗೇ ಬಿಡಬೇಕು.

ಇಷ್ಟೆಲ್ಲ ಓದಿದ ಮೇಲೆ ಆಯಿಯ ಪದರದ ಒಳಗೆ ಮತ್ತೆ ಏನಿದೆಯೋ ಎಂಬ ಆಸೆ ನನಗೆ ಹತ್ತಿತು. ಹರಿದ ಬಾಯಿಯನ್ನು ಇನ್ನಷ್ಟು ಬಿಚ್ಚಿ, ಎಲ್ಲವನ್ನೂ ಪದರ ಪದರವಾಗಿ ಎಬ್ಬಿಸಿ, ಗುರುತು ಹಾಕಿ ಇಡೋಣವೆಂದೆ. ಅಕ್ಕ ಕೌದಿಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

“ಬಿಚ್ಚಿದ್ರ ಅರಿವಿ ಉಳೀತದ, ಕೌದಿ ಉಳಿಯೂದಿಲ್ಲ. ಮ್ಯಾಲ ಇನ್ನೊಂದು ಹಾಸಿ ಹೊಲಿ.”

“ನಾ ಹೊಲೀಲೇನು?”

“ನನಗ ಕಣ್ಣ ಕಾಣೂದಿಲ್ಲ. ಮತ್ಯಾರ ಹೊಲಿಬೇಕು?”

ಹೀಗೆ ಐವತ್ತಾರನೆಯ ವಯಸ್ಸಿನಲ್ಲಿ ನನ್ನ ವಿದ್ಯಾಭ್ಯಾಸ ಪುನಃ ಆರಂಭವಾಯಿತು. ಮನೆಯವರಿಗೆ ಅಂಗಿಯ ಹೊಲಿಗೆ ಬರುತ್ತದೆ, ಕೌದಿಯದು ಬಾರದು. ನಮ್ಮ ಮನೆತನದಲ್ಲಿ ಆ ಕೈ ಬಲ್ಲವಳು ಅಕ್ಕ ಒಬ್ಬಳೇ ಉಳಿದಿದ್ದಳು.

ಅವಳು ಮೊದಲಿಗೆ ದೊಡ್ಡದನ್ನು ಮುಟ್ಟಗೊಡಲಿಲ್ಲ. ಅವಳ ಮೊಮ್ಮಗಳಿಗೆ ಕೂಸು ಹುಟ್ಟುವುದಿತ್ತು. ಎರಡೂವರೆ ಅಡಿ ಅಗಲ, ಮೂರಡಿ ಉದ್ದದ ಕೂಸಿನ ಕೌದಿಯೊಂದನ್ನು ಹ್ಯಾಗಾದರೂ ಮಾಡೆಂದಳು. ಹೊಸದಾಗಿ ಕಲಿಯುವ ವಾಚಕರಿಗೆ ಉಪಯೋಗವಾಗಲೆಂದು ಅವಳ ಪಾಠವನ್ನು ಬರೆಯುತ್ತೇನೆ. ಹಳೆಯ ಹತ್ತಿಯ ಬಟ್ಟೆಯನ್ನೇ ತೆಗೆದುಕೊಂಡು, ಗಂಜಿ ಹಾಕದೆ ಒಗೆದು ಒಣಗಿಸಬೇಕು. ಮಡಿಕೆ ಹೊಲಿದ ಅಂಚು, ಗುಂಡಿ, ಜೇಬುಗಳನ್ನು ಕತ್ತರಿಸಿ ತೆಗೆಯಬೇಕು, ಇಲ್ಲವಾದರೆ ಕೂಸಿಗೆ ಒತ್ತುತ್ತವೆ. ಅಡಿಯ ಪದರ ಒಂದೇ ತುಂಡಾದರೆ ಒಳ್ಳೆಯದು. ಅದನ್ನು ನೆಲದ ಮೇಲೆ ಸುಕ್ಕಿಲ್ಲದೆ ಹಾಸಿ ಮೂಲೆಗಳಿಗೆ ತಂಬಿಗೆಯೋ ಕಲ್ಲೋ ಇಡಬೇಕು. ಕೂಸಿನ ಕೌದಿಗೆ ನಡುವೆ ಎರಡು ಮೂರು ಪದರ ಸಾಕು. ಮೇಲಿನ ತುಂಡುಗಳ ಅಂಚನ್ನು ಒಳಮಡಿಸಿ ಕೂಡಿಸಬೇಕು. ಎಲ್ಲವೂ ಕೂಡಿದ ಮೇಲೆ ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ, ದೊಡ್ಡ ದೊಡ್ಡ ಕಚ್ಚಾ ಟಾಕಿ ಹಾಕಿ ಪದರಗಳು ಅಲುಗದಂತೆ ಹಿಡಿಸಬೇಕು. ಆಮೇಲೆ ಅಂಚಿನಿಂದ ಆರಂಭಿಸಿ, ಬೆರಳಿನ ಅಗಲ ಬಿಟ್ಟು ಬಿಟ್ಟು, ಸುತ್ತು ಸುತ್ತಾಗಿ ನಡುವಿಗೆ ಬರಬೇಕು. ಕಡೆಗೆ ಕಚ್ಚಾ ಟಾಕಿಗಳನ್ನು ಕಿತ್ತರಾಯಿತು.

ಹೇಳಿದಷ್ಟು ಸುಲಭವಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಕಚ್ಚಾ ಟಾಕಿಯ ಸಲುವಾಗಿ ಹೊತ್ತು ಕಳೆಯುವುದೇಕೆಂದು ಅವಳು ಊಟಕ್ಕೆ ಎದ್ದಾಗ ಬಿಟ್ಟುಬಿಟ್ಟೆ. ಐದನೆಯ ಸುತ್ತಿಗೆ ಮೇಲಿನ ಪದರವೆಲ್ಲ ಸರಿದು ನಡುವೆ ಗುಬ್ಬಿಯ ಗೂಡಿನಂತೆ ಉಬ್ಬಿ ನಿಂತಿತು. ಪೂರ್ತಿ ಬಿಚ್ಚಬೇಕಾಯಿತು. ದಾರ ಮುಗಿಯುವ ಬೇಸರಕ್ಕೆ ಎರಡು ಮಾರು ದಾರ ಪೋಣಿಸಿದೆ, ಅದು ಗಂಟಾಯಿತು. “ಉದ್ದ ದಾರ ಹಾಕಿದಾಂವ ಹೊಲಿಯೂದಿಲ್ಲ, ಗಂಟ ಬಿಚ್ಚಿಕೋತ ಕೂಡತಾನ. ತೋಳ ಉದ್ದ ಸಾಕು” ಎಂದಳು. ಟಾಕಿ ಸಣ್ಣದಾಗಿರಬೇಕೆಂದು ನಾನು ಹೆಣಗುತ್ತಿದ್ದೆ. ಸಣ್ಣದಾಗುವುದು ಮುಖ್ಯವಲ್ಲ, ಒಂದೇ ಸಮ ಆಗಬೇಕು ಎಂದು ತಿದ್ದಿದಳು. ಸೂಜಿಯನ್ನು ಬಟ್ಟೆಯಿಂದ ಎಳೆಯದೆ, ಮೂರು ನಾಲ್ಕು ಟಾಕಿಗಳನ್ನು ಸೂಜಿಯ ಮೇಲೆಯೇ ಕೂಡಿಸಿ ಒಮ್ಮೆಗೆ ಎಳೆದರೆ ಸಾಲು ನೆಟ್ಟಗೆ ಬರುತ್ತದೆಂಬುದನ್ನು ಅವಳು ಬಾಯಿಂದ ಹೇಳಲಿಲ್ಲ. ಹೇಳಲು ಬರಲಿಲ್ಲ. ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಮಾಡಿಸಿದಳು. ಒತ್ತುವ ಬೆರಳಿಗೆ ಲೋಹದ ಟೊಪ್ಪಿಗೆ ಹಾಕಿಕೊಳ್ಳದೆ ಮೊದಲ ವಾರವೇ ಬೆರಳು ತೂತಾಗಿ, ಹಲಗೆಯ ಮೇಲೆ ಸೀಮೆಸುಣ್ಣ ಹಿಡಿಯುವುದು ಕಷ್ಟವಾಯಿತು. ಹುಡುಗರು ಕೇಳಿದಾಗ ಕೌದಿ ಹೊಲಿಯುತ್ತಿದ್ದೇನೆಂದು ಹೇಳಿದೆ. ಈ ಸಲ ಚಾದರ ಹಾಸಲಿಲ್ಲ.

ಕೂಸಿನ ಕೌದಿ ಮುಗಿಯಲು ಎರಡು ತಿಂಗಳು ಹಿಡಿಯಿತು. ಒಂದು ಬದಿ ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡ. ಕೂಸು ತಕರಾರು ಹೇಳಿಲ್ಲ.

ಅನಂತರ ಅವ್ವನ ಕೌದಿಯನ್ನು ಹಾಸಿದೆ. ಹರಿದ ಬಾಯಿಗೆ ಅಡ್ಡ ಟಾಕಿ ಹಾಕಿ ಹಿಡಿಸಿ, ಅಡಿಗೆ ನನ್ನ ಎರಡು ಧೋತರ, ಮೇಲೆ ಮನೆಯವರ ಹತ್ತಿ ಸೀರೆಗಳ ತುಂಡು, ನಡುವೆ ಅವ್ವನ ಇಳಕಲ್ ಸೆರಗಿನ ಒಂದು ಚೌಕವಿಟ್ಟಿದ್ದೇವೆ. ಅದು ಮಾತ್ರ ಮೇಲೆಯೇ ಇರಲೆಂದು ಅಕ್ಕ ಹಟ ಮಾಡಿದಳು. ಹಳೆಯ ಕೌದಿ ಒಳಗಿರುವುದರಿಂದ ಸೂಜಿ ಬಹಳ ಬಿಗಿ ಹೋಗುತ್ತದೆ. ಒಂದೊಂದು ಸಲ ಇಕ್ಕಳದಿಂದ ಎಳೆಯಬೇಕಾಗುತ್ತದೆ. ಸಂಜೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಮುಗಿದ ಮೇಲೆ ಕುಳಿತರೆ ಊಟದ ಹೊತ್ತಿಗೆ ಅರ್ಧ ಸುತ್ತಾಗುತ್ತದೆ. ಅಕ್ಕ ಬಂದಾಗಲೆಲ್ಲ ಕಣ್ಣು ಮುಚ್ಚಿ ಅಡಿಯ ಬದಿಗೆ ಅಂಗೈ ಆಡಿಸುತ್ತಾಳೆ. ಟಾಕಿ ಕೆಳಗಿನ ಪದರವನ್ನು ಹಿಡಿಯದೆ ತಪ್ಪಿದ ಕಡೆ ಅವಳ ಬೆರಳು ನಿಲ್ಲುತ್ತದೆ. ನಾನು ಅಷ್ಟನ್ನು ಬಿಚ್ಚುತ್ತೇನೆ.

ಒಟ್ಟು ಮೂವತ್ತೆರಡು ಸುತ್ತಾಗಬೇಕೆಂದು ಲೆಕ್ಕ ಹಾಕಿದ್ದೇನೆ, ಹದಿನಾಲ್ಕು ಮುಗಿದಿವೆ. ಅಕ್ಕ ಎಳ್ಳಮಾವಾಸ್ಯೆಗೆ ಬರುತ್ತೇನೆಂದಿದ್ದಾಳೆ. ಅಷ್ಟರೊಳಗೆ ಸೆರಗಿನ ಚೌಕದ ಅಂಚಿಗೆ ಮುಟ್ಟಬೇಕು.